ಪುಟ್ಟ ಸ್ಪೀಕರ್ ಜೊತೆಗೆ ಯಾವ ಸಬ್‌ವೂಫರ್? ಹಾಡು ಕೇಳುವವರಿಗಾಗಿ ಒಂದು ಹೋಲಿಕೆ

ಮೃದಂಗದ ಎಡಗಡೆಯಿಂದ ಬರುವ ಗುಮ್ಕಿ ಗೊತ್ತಲ್ವಾ? ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಕೆಳಗಿನಿಂದ ಮೇಲಕ್ಕೆ ಏರುವ ಆ ನಾದ. ನಮ್ಮ ಮನೆಯ ಐದು ಇಂಚಿನ ಸ್ಪೀಕರ್‌ಗಳಲ್ಲಿ ವರ್ಷಗಟ್ಟಲೆ ನಾನು ಕೇಳಿದ್ದು ಅದರ ಮೇಲ್ಭಾಗವನ್ನು ಮಾತ್ರ. ಬಲಗೈಯ ಚಾಪು ಗರಿಗರಿಯಾಗಿ ಕೇಳುತ್ತಿತ್ತು, ಹಾಡುವವರ ಉಸಿರೂ ಕೇಳುತ್ತಿತ್ತು, ಆದರೆ ತನಿ ಆವರ್ತನ ಬಂದಾಗ ಎಡಗೈ ಏನು ಮಾತಾಡುತ್ತಿದೆ ಅನ್ನುವುದು ಅರ್ಧಕ್ಕರ್ಧ ಮಾಯ. ತಗ್ಗು ಸ್ವರವನ್ನು, ಅಂದರೆ ಬೇಸನ್ನು ಮಾತ್ರ ನುಡಿಸುವ ಪೆಟ್ಟಿಗೆ, ಸಬ್‌ವೂಫರ್, ಬೇಕು ಅನ್ನಿಸಿದ್ದು ಅದಕ್ಕೆ. ಮನೆ ನಡುಗಿಸಬೇಕು ಅಂತಲ್ಲ.

ಮೊದಲು ತಂದದ್ದು ತಪ್ಪು ಸಬ್. ಹನ್ನೆರಡು ಇಂಚು, ಪೋರ್ಟ್ ಇರುವ ದೊಡ್ಡ ಪೆಟ್ಟಿಗೆ, ಸಿನಿಮಾಕ್ಕೆ ಹೇಳಿ ಮಾಡಿಸಿದಂಥದ್ದು. ಹತ್ತು ಬೈ ಹನ್ನೆರಡು ಅಡಿ ರೂಮಿನ ಮೂಲೆಗೆ ತಳ್ಳಿ ಇಟ್ಟೆ. ಯಾವ ಹಾಡು ಹಾಕಿದರೂ ಒಂದೇ ಸ್ವರದಲ್ಲಿ ಧುಂ ಧುಂ. ಆರು ತಿಂಗಳು ಒದ್ದಾಡಿ ಮಾರಿದೆ. ಆಗ ಕಲಿತದ್ದು, ಆಮೇಲೆ ನಾಲ್ಕೈದು ಜನ ಸ್ನೇಹಿತರ ಮನೆಯಲ್ಲಿ ಸಬ್ ಹೊಂದಿಸಿಕೊಡುವಾಗ ಕಲಿತದ್ದು, ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಇಂಚು, ವ್ಯಾಟ್ ನೋಡಿ ಸಬ್ ಆರಿಸಬೇಡಿ. ನಿಮ್ಮ ಆಂಪ್‌ನ (ಆಂಪ್ಲಿಫೈಯರ್) ಬೆನ್ನಲ್ಲಿ ಏನಿದೆ, ನಿಮ್ಮ ರೂಮಿನ ಅಳತೆ ಎಷ್ಟು, ನಿಮ್ಮ ಸ್ಪೀಕರ್ ಎಲ್ಲಿಗೆ ಸುಸ್ತಾಗುತ್ತದೆ, ಈ ಮೂರನ್ನು ನೋಡಿ ಆರಿಸಿ.

ಪುಟ್ಟ ಸ್ಪೀಕರ್ ಎಲ್ಲಿ ನಿಲ್ಲುತ್ತದೆ

ನಾಲ್ಕು ಇಂಚು, ಐದು ಇಂಚಿನ ವೂಫರ್ ಇರುವ ಸ್ಪೀಕರ್‌ಗಳು ಸಾಮಾನ್ಯವಾಗಿ 50ರಿಂದ 70 ಹರ್ಟ್ಜ್ ಹತ್ತಿರ ಕೈಬಿಡುತ್ತವೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಇಳಿದಷ್ಟೂ ಸ್ವರ ತಗ್ಗು. ಒಳ್ಳೆಯ ಹೆಸರಿರುವ ಕೆಇಎಫ್ ಎಲ್‌ಎಸ್50 ಮೆಟಾ ಕೂಡ 47 ಹರ್ಟ್ಜ್‌ಗೆ ಬರುವಷ್ಟರಲ್ಲಿ 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಇಳಿದಿರುತ್ತದೆ, ಅದನ್ನು ಕಂಪನಿಯೇ ಹೇಳುತ್ತದೆ. ಈಗ ವಾದ್ಯಗಳನ್ನು ನೋಡಿ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್. ಐದು ತಂತಿಯದ್ದಾದರೆ 31. ಪಿಯಾನೋದ ಎಡತುದಿಯ ಮನೆ 27.5. ಒಂದೂವರೆ ಮನೆ ಶ್ರುತಿಯಲ್ಲಿ ಹಾಡುವ ಗಂಡಸರ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಜ್. ಅಂದರೆ ತಂಬೂರಿ ಹೇಗೋ ದಾಟಿಕೊಳ್ಳುತ್ತದೆ, ಅದರ ಜೀವ ಇರುವುದೂ ಮೇಲಿನ ಅನುರಣನದಲ್ಲೇ. ಬೇಸ್ ಗಿಟಾರ್, ಡೊಳ್ಳು, ಕಿಕ್ ಡ್ರಮ್, ತಬಲಾದ ಡಗ್ಗ, ಇವುಗಳಿಗೆ ಪೆಟ್ಟು ಬೀಳುತ್ತದೆ.

ಇದು ಸ್ಪೀಕರ್ ಮಾಡಿದವರ ತಪ್ಪಲ್ಲ. ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗಿಳಿದು ನುಡಿಸಬೇಕಾದರೆ ಕೋನ್ (ಸ್ಪೀಕರ್‌ನಲ್ಲಿ ಅಲುಗಿ ಸದ್ದು ಮಾಡುವ ಭಾಗ) ನಾಲ್ಕು ಪಟ್ಟು ಜಾಸ್ತಿ ಹಿಂದೆ ಮುಂದೆ ಅಲುಗಬೇಕು. 80 ಹರ್ಟ್ಜ್‌ನಲ್ಲಿ ಒಂದು ಮಿಲಿಮೀಟರ್ ಅಲುಗುವ ಕೋನ್ 40ಕ್ಕೆ ನಾಲ್ಕು, 20ಕ್ಕೆ ಹದಿನಾರು ಮಿಲಿಮೀಟರ್ ಅಲುಗಬೇಕಾಗುತ್ತದೆ. ಐದು ಇಂಚಿನ ಕೋನ್‌ಗೆ ಅದು ಆಗದ ಕೆಲಸ. ಅದರ ಮೇಲೆ ನಮ್ಮ ಕಿವಿ ಬೇರೆ ತಗ್ಗು ಸ್ವರಕ್ಕೆ ಮಂದ. 1 ಕಿಲೋಹರ್ಟ್ಜ್ ಸದ್ದು ಪಿಸುಮಾತಿಗಿಂತ ಮೆಲ್ಲಗಿದ್ದರೂ ಕೇಳುತ್ತದೆ, 30 ಹರ್ಟ್ಜ್ ಕೇಳಬೇಕಾದರೆ ಹೆಚ್ಚುಕಡಿಮೆ 60 ಡೆಸಿಬೆಲ್ ಬೇಕು. ರಾತ್ರಿ ವಾಲ್ಯೂಮ್ ತಗ್ಗಿಸಿ ಕೇಳುವಾಗ ಹಾಡು ಸಪ್ಪೆ ಅನ್ನಿಸುವುದು ಇದಕ್ಕೇ.

ಹಾಗಂತ ಎಲ್ಲರಿಗೂ ಸಬ್ ಬೇಕಾಗಿಲ್ಲ. ಬರೀ ವೀಣೆ, ಕೊಳಲು, ಭಾವಗೀತೆ ಕೇಳುವವರು, ಮೇಜಿನ ಮೇಲೆ ಮೂರಡಿ ದೂರದಲ್ಲಿ ಸ್ಪೀಕರ್ ಇಟ್ಟುಕೊಂಡವರು ಮೊದಲು ಸ್ಪೀಕರನ್ನು ಹಿಂದಿನ ಗೋಡೆಗೆ ಅರ್ಧ ಅಡಿ ಹತ್ತಿರ ಸರಿಸಿ ನೋಡಿ. ದುಡ್ಡಿಲ್ಲದೆ ಒಂದಷ್ಟು ಬೇಸ್ ಸಿಗುತ್ತದೆ. ಅದರಲ್ಲೇ ತೃಪ್ತಿಯಾದರೆ ಅಲ್ಲಿಗೆ ನಿಲ್ಲಿಸಿ.

ಇನ್ನು ಕೆಲವರು ಕೇಳುತ್ತಾರೆ, ಸಬ್ ಯಾಕೆ, ಉದ್ದದ ಟವರ್ ಸ್ಪೀಕರನ್ನೇ ತರಬಾರದಾ ಅಂತ. ತರಬಹುದು. ಆದರೆ ಟವರ್‌ನ ಬೇಸ್ ಟವರ್ ನಿಂತ ಜಾಗದಿಂದಲೇ ಬರಬೇಕು. ಹಾಡುವವರ ದನಿ ಚೆನ್ನಾಗಿ ಬರುವ ಜಾಗ ಒಂದು, ಬೇಸ್ ಚೆನ್ನಾಗಿ ಬರುವ ಜಾಗ ಇನ್ನೊಂದು, ಚಿಕ್ಕ ರೂಮಿನಲ್ಲಿ ಇವೆರಡೂ ಒಂದೇ ಆಗುವುದು ತೀರ ಕಮ್ಮಿ. ಪುಟ್ಟ ಸ್ಪೀಕರ್ ಮತ್ತು ಸಬ್ ಇದ್ದರೆ ಎರಡನ್ನೂ ಅದರದರ ಜಾಗದಲ್ಲಿ ಇಡಬಹುದು. ನನ್ನ ಮಟ್ಟಿಗೆ ಸಬ್ ಗೆಲ್ಲುವುದು ಇಲ್ಲಿ.

ಮೊದಲು ಆಂಪ್‌ನ ಬೆನ್ನು ನೋಡಿ

ಅಂಗಡಿಗೆ ಹೋಗುವ ಮೊದಲು ಟಾರ್ಚ್ ಹಿಡಿದು ಆಂಪ್‌ನ ಹಿಂದೆ ಬಗ್ಗಿ ನೋಡಿ. ಅಲ್ಲಿ ಇರುವ ತೂತುಗಳೇ ಅರ್ಧ ನಿರ್ಧಾರ ಮಾಡುತ್ತವೆ.

ಎಲ್ಲಕ್ಕಿಂತ ಒಳ್ಳೆಯದು ಸಬ್ ಔಟ್ (ಸಬ್‌ಗೆ ಸಿಗ್ನಲ್ ಕೊಡುವ ತೂತು) ಇದ್ದು, ಸ್ಪೀಕರ್‌ಗೆ ಹೋಗುವ ಬೇಸನ್ನು ಆಂಪೇ ಕತ್ತರಿಸಿ ಕೊಡುವ ವ್ಯವಸ್ಥೆ. ಹೋಂ ಥಿಯೇಟರ್‌ಗೆ ಬಳಸುವ ಎವಿ ರಿಸೀವರ್‌ಗಳಲ್ಲಿ ಇದು ಮೊದಲಿನಿಂದ ಇದೆ. ಈಚೆಗೆ ವಿಮ್ ಆಂಪ್ ಥರದ ಚಿಕ್ಕ ಸ್ಟ್ರೀಮಿಂಗ್ ಆಂಪ್‌ಗಳಲ್ಲೂ ಬಂದಿದೆ. ಇಲ್ಲಿಂದ ಕೆಳಗಿನದ್ದು ಸಬ್‌ಗೆ, ಮೇಲಿನದ್ದು ಸ್ಪೀಕರ್‌ಗೆ ಅಂತ ಪಾಲು ಮಾಡುವ ಗೆರೆಯೇ ಕ್ರಾಸ್‌ಓವರ್. ಆ ಗೆರೆಯನ್ನು ಎರಡೂ ಕಡೆ ಎಳೆದರೆ ಪುಟ್ಟ ಸ್ಪೀಕರ್‌ಗೆ ದೊಡ್ಡ ಭಾರ ಇಳಿದಂತೆ. ಐದು ಇಂಚಿನ ಕೋನ್ ಒಂದೇ ಹೊತ್ತಿಗೆ ಬೇಸ್‌ಗಾಗಿ ಒದ್ದಾಡುತ್ತ ಹಾಡುವವರ ದನಿಯನ್ನೂ ನುಡಿಸಬೇಕಾದ ಕಷ್ಟ ತಪ್ಪುತ್ತದೆ. ಸ್ವಲ್ಪ ಜೋರಾಗಿ ಕೇಳಿ ನೋಡಿ, ಬೇಸ್‌ಗಿಂತ ಮೊದಲು ದನಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು, ಸಬ್ ಔಟ್ ಅಥವಾ ಪ್ರೀ ಔಟ್ (ವಾಲ್ಯೂಮ್ ಗುಂಡಿಯ ಮಾತು ಕೇಳುವ ಸಿಗ್ನಲ್ ಹೊರಬರುವ ತೂತು) ಇದೆ, ಆದರೆ ಸ್ಪೀಕರ್‌ಗೆ ಪೂರ್ತಿ ಸಿಗ್ನಲ್ಲೇ ಹೋಗುತ್ತದೆ. ಹೆಚ್ಚಿನ ಸ್ಟೀರಿಯೋ ಆಂಪ್‌ಗಳು ಹೀಗೇ. ತೊಂದರೆಯಿಲ್ಲ. ಸ್ಪೀಕರ್ ತಾನಾಗಿ ಎಲ್ಲಿ ಇಳಿಯುತ್ತದೋ ಅಲ್ಲಿಂದ ಸಬ್ ಸೇರಿಕೊಳ್ಳುವಂತೆ ಸಬ್‌ನ ಗುಂಡಿಯಲ್ಲೇ ಹೊಂದಿಸಬೇಕು. ಒಳಗೇ ಆಂಪ್ ಇರುವ ಸ್ಪೀಕರ್‌ಗಳಲ್ಲೂ ಇದನ್ನು ನೋಡಿಕೊಳ್ಳಿ. ಎಡಿಫೈಯರ್ ಆರ್1280ಡಿಬಿಎಸ್‌ನಲ್ಲಿ ಸಬ್ ಔಟ್ ಇದೆ, ನೋಡಲು ಹಾಗೇ ಇರುವ ಆರ್1280ಟಿಯಲ್ಲಿ ಇಲ್ಲ. ಹೆಸರಿನ ಕೊನೆಯ ಅಕ್ಷರಗಳಷ್ಟೇ ವ್ಯತ್ಯಾಸ, ಪೆಟ್ಟಿಗೆ ಬಿಚ್ಚಿದ ಮೇಲೆ ಗೊತ್ತಾದರೆ ಹೊಟ್ಟೆ ಉರಿಯುತ್ತದೆ. ಹಾಗೇ ರೆಕ್ ಔಟ್, ಟೇಪ್ ಔಟ್ ಅಂತ ಬರೆದಿದ್ದರೆ ಅದಕ್ಕೆ ಸಬ್ ಸಿಕ್ಕಿಸಬೇಡಿ. ಅದು ವಾಲ್ಯೂಮ್ ಗುಂಡಿಯ ಮಾತು ಕೇಳುವುದಿಲ್ಲ, ಹಾಡು ಮೆಲ್ಲಗಾದರೂ ಬೇಸ್ ಮಾತ್ರ ಅಷ್ಟೇ ಜೋರಾಗಿ ಹೊಡೆಯುತ್ತಿರುತ್ತದೆ.

ಮೂರನೆಯದು, ಹಿಂದೆ ಸ್ಪೀಕರ್ ತಂತಿ ಸಿಕ್ಕಿಸುವ ಜಾಗ ಬಿಟ್ಟು ಬೇರೇನೂ ಇಲ್ಲ. ಹಳೆಯ ಆಂಪ್ ಇಟ್ಟುಕೊಂಡವರ ಗತಿ ಇದೇ. ಆಗ ಹೈ ಲೆವೆಲ್ ಇನ್‌ಪುಟ್ ಇರುವ ಸಬ್ಬನ್ನೇ ತೆಗೆದುಕೊಳ್ಳಬೇಕು, ಬೇರೆ ದಾರಿ ಹುಡುಕಬೇಡಿ. ಸ್ಪೀಕರ್ ಟರ್ಮಿನಲ್‌ನಿಂದಲೇ ಇನ್ನೊಂದು ತಂತಿ ಎಳೆದು ಸಬ್‌ಗೆ ಕೊಡುವುದು. ಆಂಪ್‌ಗೆ ಇದರಿಂದ ಭಾರವೇನೂ ಬೀಳುವುದಿಲ್ಲ, ಸಬ್ ಬರೀ ಸಿಗ್ನಲ್ಲನ್ನು ಇಣುಕಿ ನೋಡುತ್ತದೆ ಅಷ್ಟೇ, ಶಕ್ತಿ ಅದರದ್ದೇ. ಬ್ರಿಟನ್ನಿನ ಆರ್‌ಇಎಲ್ ಕಂಪನಿ ವರ್ಷಗಳಿಂದ ಇದನ್ನೇ ಮುಖ್ಯ ದಾರಿ ಮಾಡಿಕೊಂಡಿದೆ, ಆಂಪ್‌ನ ಗುಣವೇ ಬೇಸ್‌ಗೂ ಬರುತ್ತದೆ ಅನ್ನುವುದು ಅವರ ವಾದ. ಆ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಅನುಕೂಲ ಇರುವುದು ನಿಜ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಈಗಿನ ಎಷ್ಟೋ ಪುಟ್ಟ ಕ್ಲಾಸ್ ಡಿ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಅಂದರೆ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಎಡದ ಕಪ್ಪನ್ನೂ ಬಲದ ಕಪ್ಪನ್ನೂ ಒಟ್ಟಿಗೆ ಸೇರಿಸಿದರೆ ಆಂಪ್ ಸುಟ್ಟುಹೋಗಬಹುದು. ಇಂಥ ಆಂಪ್‌ಗೆ ಹೇಗೆ ಸಿಕ್ಕಿಸಬೇಕು ಅಂತ ಸಬ್‌ನ ಕೈಪಿಡಿಯಲ್ಲಿ ನೋಡಿಯೇ ತಂತಿ ಮುಟ್ಟಿ.

ಸೀಲ್ಡ್, ಪೋರ್ಟೆಡ್

ಸೀಲ್ಡ್ ಅಂದರೆ ಎಲ್ಲೂ ತೂತಿಲ್ಲದ ಪೆಟ್ಟಿಗೆ. ಒಳಗಿನ ಗಾಳಿಯೇ ಸ್ಪ್ರಿಂಗ್ ಥರ ಕೋನನ್ನು ಹಿಡಿದುಕೊಳ್ಳುತ್ತದೆ. ಎಡ್ಗರ್ ವಿಲ್ಚರ್ ಅನ್ನುವವರು 1954ರಲ್ಲಿ ಎಆರ್-1 ಸ್ಪೀಕರ್ ತಂದಾಗ ಚಿಕ್ಕ ಪೆಟ್ಟಿಗೆಯಿಂದ ಅಷ್ಟು ತಗ್ಗಿನ ಬೇಸ್ ಬಂದದ್ದು ಈ ಉಪಾಯದಿಂದಲೇ. ಪೋರ್ಟೆಡ್ ಅಂದರೆ ಪೆಟ್ಟಿಗೆಗೆ ಒಂದು ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಅದೇ ತತ್ವ. ಆ ಸ್ವರದ ಸುತ್ತಮುತ್ತ ಕೊಳವೆಯೇ ಹೆಚ್ಚಿನ ಕೆಲಸ ಮಾಡಿಬಿಡುತ್ತದೆ, ಹಾಗಾಗಿ ಕಮ್ಮಿ ಶಕ್ತಿಯಲ್ಲಿ ಜಾಸ್ತಿ ಸದ್ದು.

ವ್ಯತ್ಯಾಸ ಇರುವುದು ಇಳಿಯುವ ರೀತಿಯಲ್ಲಿ. ಸೀಲ್ಡ್ ಪೆಟ್ಟಿಗೆ ತನ್ನ ಮಿತಿ ದಾಟಿದ ಮೇಲೆ ಸ್ಥಾಯಿಗೆ 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ಪೋರ್ಟೆಡ್ ಪೆಟ್ಟಿಗೆ ತನ್ನ ಶ್ರುತಿಯ ಕೆಳಗೆ 24 ಡೆಸಿಬೆಲ್‌ನಂತೆ ದಡಕ್ಕನೆ ಬೀಳುತ್ತದೆ. ಈಗ ರೂಮು ಮಾಡುವ ಕೆಲಸ ನೋಡಿ. ಮುಚ್ಚಿದ ಚಿಕ್ಕ ರೂಮಿನಲ್ಲಿ ತೀರ ತಗ್ಗು ಸ್ವರಗಳನ್ನು ರೂಮೇ ಎತ್ತಿಕೊಡುತ್ತದೆ. ಸೀಲ್ಡ್ ಸಬ್‌ನ ಇಳಿಜಾರಿಗೂ ರೂಮಿನ ಈ ಏರಿಗೂ ಚೆನ್ನಾಗಿ ಕೂಡಿಬರುತ್ತದೆ. ಪೋರ್ಟೆಡ್ ಸಬ್‌ಗೆ ಅದೇ ರೂಮಿನಲ್ಲಿ ಬೇಸ್ ಉಕ್ಕಿ ಹರಿಯುವ ಸಾಧ್ಯತೆ ಜಾಸ್ತಿ. ನನ್ನ ಮೊದಲ ಸಬ್‌ನ ಕಥೆ ಅದೇ.

ನಮ್ಮ ಮನೆಗಳ ವಿಷಯದಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಇದೆ. ಸಬ್ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿನ ಮನೆಯ ಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು, ಬೇಸ್ ಅದರಲ್ಲಿ ಸೋರಿಹೋಗುತ್ತದೆ, ರೂಮುಗಳೂ ದೊಡ್ಡವು. ನಮ್ಮದು ಇಟ್ಟಿಗೆ, ಕಾಂಕ್ರೀಟು, ಕೆಳಗೆ ಟೈಲ್ಸು. ಬೇಸ್ ಹೊರಗೆ ಹೋಗದೆ ಒಳಗೇ ಸುತ್ತುತ್ತಿರುತ್ತದೆ. ಹಾಗಾಗಿ ಅವರು ಹನ್ನೆರಡು ಇಂಚು ಪೋರ್ಟೆಡ್ ಇರಲೇಬೇಕು ಅಂದರೆ, ಬೆಂಗಳೂರಿನ ಹತ್ತು ಬೈ ಹನ್ನೆರಡಕ್ಕೆ ಹತ್ತು ಇಂಚು ಸೀಲ್ಡ್ ಧಾರಾಳ ಅಂತ ಓದಿಕೊಳ್ಳಿ.

ಹಾಡಿಗೆ ಮಾತ್ರ, ಚಿಕ್ಕ ರೂಮು ಅಂದರೆ ನನ್ನ ಮತ ಸೀಲ್ಡ್‌ಗೆ. ಅರ್ಧ ಸಿನಿಮಾ, ಅರ್ಧ ಹಾಡು, ಹಾಲ್ ದೊಡ್ಡದು, ಊಟದ ಮನೆಗೂ ಸೇರಿಕೊಂಡಿದೆ ಅಂದರೆ ಒಳ್ಳೆಯ ಪೋರ್ಟೆಡ್ ತಪ್ಪಲ್ಲ. ಪ್ಯಾಸಿವ್ ರೇಡಿಯೇಟರ್ ಅಂತ ಮೂರನೆಯದೂ ಇದೆ, ಕೊಳವೆಯ ಬದಲು ಮ್ಯಾಗ್ನೆಟ್ ಇಲ್ಲದ ಇನ್ನೊಂದು ಕೋನ್. ಆರ್‌ಇಎಲ್ ಟಿ/7ಎಕ್ಸ್‌ನಲ್ಲಿ ಎಂಟು ಇಂಚಿನ ಕೋನ್ ಜೊತೆಗೆ ಹತ್ತು ಇಂಚಿನ ಇಂಥದ್ದು ಇದೆ. ಗುಣದಲ್ಲಿ ಪೋರ್ಟೆಡ್‌ನ ತಮ್ಮ ಅಂದುಕೊಳ್ಳಿ.

ದೊಡ್ಡ ಕೋನ್ ನಿಧಾನ, ಚಿಕ್ಕ ಕೋನ್ ಚುರುಕು ಅಂತ ಒಂದು ಮಾತು ಅಂಗಡಿಗಳಲ್ಲಿ ಓಡಾಡುತ್ತದೆ. ನಂಬಬೇಡಿ. 60 ಹರ್ಟ್ಜ್ ಅಂದರೆ ಸೆಕೆಂಡಿಗೆ ಅರವತ್ತು ಸಲ, ಎಂಟು ಇಂಚಾದರೂ ಅಷ್ಟೇ ಹನ್ನೆರಡಾದರೂ ಅಷ್ಟೇ. ಬೇಸ್ ಎಳೆದಂತೆ ಕೇಳಿಸುವುದು ರೂಮಿನಲ್ಲಿ ಆ ಸ್ವರ ಉಳಿದುಕೊಳ್ಳುವುದರಿಂದ, ಇಲ್ಲವೇ ಸಬ್ ಜೋರಾಗಿ ಇಟ್ಟಿರುವುದರಿಂದ.

ಎಷ್ಟು ಇಂಚು, ಯಾವುದು

ಎಂಟು ಇಂಚಿನದ್ದು ಮಲಗುವ ಕೋಣೆಗೆ, ಓದುವ ಕೋಣೆಗೆ, ಮೆಲ್ಲಗೆ ಕೇಳುವವರಿಗೆ. ಯಮಹಾ ಎನ್‌ಎಸ್-ಎಸ್‌ಡಬ್ಲ್ಯು050 ಈ ಸಾಲಿನ ಅಗ್ಗದ್ದು, ಎಂಟು ಇಂಚು, ಪೋರ್ಟ್ ಇದೆ. ನೆಲದಾಳದ ಬೇಸ್ ನಿರೀಕ್ಷಿಸಬೇಡಿ, 40ರ ಆಚೀಚೆ ಇರುವ ಬೇಸ್ ಗಿಟಾರಿಗೆ ಸಹಾಯ ಮಾಡುತ್ತದೆ. ಆರ್‌ಇಎಲ್ ಟಿ/5ಎಕ್ಸ್ ಕೂಡ ಎಂಟು ಇಂಚು, ಸೀಲ್ಡ್, 125 ವ್ಯಾಟ್, ಕೋನ್ ನೆಲದ ಕಡೆ ಮುಖ ಮಾಡಿರುತ್ತದೆ. ಬೆಲೆ ಎಷ್ಟೋ ಪಟ್ಟು ಜಾಸ್ತಿ. ಎರಡರ ಕಾಗದದ ಅಂಕಿ ಪಕ್ಕಪಕ್ಕ ಇಟ್ಟರೆ ಯಾಕಿಷ್ಟು ದುಡ್ಡು ಅನ್ನಿಸುತ್ತದೆ, ಮೃದಂಗ ಹಾಕಿ ಕೇಳಿದರೆ ಅನ್ನಿಸುವುದಿಲ್ಲ. ಮನೆಯಲ್ಲಿ ಓಡಾಡುವ ಮಗು ಇದ್ದರೆ ಕೆಳಮುಖದ ಕೋನ್ ಇನ್ನೂ ಒಂದು ಲಾಭ, ಪುಟ್ಟ ಬೆರಳು ಅಲ್ಲಿಗೆ ಹೋಗುವುದಿಲ್ಲ.

ಹತ್ತು ಇಂಚು ನಮ್ಮ ಸಾಮಾನ್ಯ ರೂಮುಗಳಿಗೆ ಸರಿಯಾದ ಅಳತೆ. ಪೋಕ್ ಪಿಎಸ್‌ಡಬ್ಲ್ಯು10 ತುಂಬಾ ಜನ ಮೊದಲು ಕೊಳ್ಳುವ ಸಬ್. ಹತ್ತು ಇಂಚು, ಪೋರ್ಟೆಡ್, 50 ವ್ಯಾಟ್, ಹೈ ಲೆವೆಲ್ ಇನ್‌ಪುಟ್ಟೂ ಇದೆ. ಅದರ ಒಂದು ವಿಷಯ ಗಮನಿಸಿ, ಕ್ರಾಸ್‌ಓವರ್ ಗುಂಡಿ ತಿರುಗುವುದು 80ರಿಂದ 160 ಹರ್ಟ್ಜ್‌ವರೆಗೆ. ನಿಮ್ಮ ಸ್ಪೀಕರ್ 55ರವರೆಗೂ ಚೆನ್ನಾಗಿ ನುಡಿಯುತ್ತಿದ್ದು, ಆಂಪ್ ಬೇಸ್ ಕತ್ತರಿಸದೆ ಇದ್ದರೆ, ನಡುವಿನ ಜಾಗದಲ್ಲಿ ಸ್ಪೀಕರ್ ಮತ್ತು ಸಬ್ ಎರಡೂ ಸೇರಿ ಬೇಸ್ ದಪ್ಪಗಾಗುತ್ತದೆ. ರಿಸೀವರ್ ಜೊತೆಗಾದರೆ ಈ ತೊಂದರೆ ಇಲ್ಲ, ಪಾಲು ಮಾಡುವ ಕೆಲಸ ರಿಸೀವರ್‌ದೇ. ಯಾವ ಸಬ್ ನೋಡಿದರೂ ಗುಂಡಿ 40 ಅಥವಾ 50ರವರೆಗೆ ಇಳಿಯುತ್ತದಾ ಅಂತ ನೋಡಿ. ಹಾಡಿಗೆ ಕೊಳ್ಳುವವರಿಗೆ ವ್ಯಾಟ್‌ಗಿಂತ ಇದು ಮುಖ್ಯ.

ಹನ್ನೆರಡು ಇಂಚಿನಲ್ಲಿ ಎಸ್‌ವಿಎಸ್ ಎಸ್‌ಬಿ-1000 ಪ್ರೊ. ಸೀಲ್ಡ್, 325 ವ್ಯಾಟ್, ಹನ್ನೆರಡು ಇಂಚಿನ ಕೋನನ್ನು ಹದಿಮೂರು ಹದಿನಾಲ್ಕು ಇಂಚಿನ ಚೌಕದಲ್ಲಿ ತುರುಕಿದ್ದಾರೆ. ಫೋನಿನ ಆ್ಯಪ್‌ನಿಂದ ಕ್ರಾಸ್‌ಓವರ್, ಫೇಸ್, ಈಕ್ವಲೈಜರ್ ಎಲ್ಲ ಬದಲಿಸಬಹುದು. ಸೋಫಾದಲ್ಲಿ ಕೂತೇ ಹೊಂದಿಸುವುದು ಸುಮ್ನೆ ಶೋಕಿಯಲ್ಲ. ಗುಂಡಿ ತಿರುಗಿಸಲು ಎದ್ದುಹೋಗಿ, ವಾಪಸ್ ಬಂದು ಕೂರುವಷ್ಟರಲ್ಲಿ ಕಿವಿ ಮೊದಲಿನದ್ದನ್ನು ಮರೆತಿರುತ್ತದೆ. ಒಂದೇ ಸಬ್, ಹತ್ತು ವರ್ಷ ತಲೆನೋವು ಬೇಡ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಚಿಕ್ಕ ರೂಮಿಗೆ ಜಾಸ್ತಿ ಆಗುವುದಿಲ್ಲವಾ ಅಂದರೆ, ಆಗುವುದಿಲ್ಲ. ಸೀಲ್ಡ್ ಆದ್ದರಿಂದ ತಗ್ಗಿಸಿಟ್ಟರೆ ತಗ್ಗಿಯೇ ಇರುತ್ತದೆ, ಕಷ್ಟಪಡದೆ ನುಡಿಸುವ ಕೋನ್‌ನ ಸದ್ದು ಸ್ವಚ್ಛ.

ಜಾಗವೇ ಇಲ್ಲ, ದುಡ್ಡಿದೆ ಅನ್ನುವವರಿಗೆ ಕೆಇಎಫ್ ಕೆಸಿ62. ಸುಮಾರು ಹತ್ತು ಇಂಚಿನ ಚೌಕ, ಎದುರುಬದುರಾಗಿ ಆರೂವರೆ ಇಂಚಿನ ಎರಡು ಕೋನ್. ಒಂದು ಆ ಕಡೆ ತಳ್ಳಿದರೆ ಇನ್ನೊಂದು ಈ ಕಡೆ ತಳ್ಳುವುದರಿಂದ ಪೆಟ್ಟಿಗೆ ಅಲುಗುವುದೇ ಇಲ್ಲ. ಆದರೆ ಲಕ್ಷ ರೂಪಾಯಿಯ ಆಚೆಗಿನ ಮಾತು. ಅಷ್ಟು ಚಿಕ್ಕ ಪೆಟ್ಟಿಗೆಯಿಂದ ಅಷ್ಟು ತಗ್ಗಿಗೆ ಇಳಿಯಬೇಕಾದರೆ ಜೋರಿನಲ್ಲಿ ರಾಜಿಯಾಗಲೇಬೇಕು. ಚಿಕ್ಕ ಪೆಟ್ಟಿಗೆ, ತಗ್ಗಿನ ಬೇಸ್, ಕಮ್ಮಿ ಶಕ್ತಿಗೆ ಜಾಸ್ತಿ ಸದ್ದು, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಎಷ್ಟು ದುಡ್ಡು ಸುರಿದರೂ ಮೂರನೆಯದು ಸಿಗುವುದಿಲ್ಲ.

ಐದು ಪುಟ್ಟ ಡಬ್ಬಿ, ಒಂದು ಸಬ್ ಅಂತ ಒಟ್ಟಿಗೆ ಮಾರುವ ಹೋಂ ಥಿಯೇಟರ್ ಸೆಟ್‌ನಿಂದ ಸಬ್ ಮಾತ್ರ ಕಿತ್ತು ಬಳಸಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಅದರಲ್ಲಿ ಪುಟ್ಟ ಡಬ್ಬಿಗಳು ನುಡಿಸದ 150, 200 ಹರ್ಟ್ಜ್‌ವರೆಗಿನ ಸ್ವರವನ್ನೂ ಸಬ್ಬೇ ನುಡಿಸುವಂತೆ ಮಾಡಿರುತ್ತಾರೆ, ಬಹಳಷ್ಟು ಸಲ ಅದಕ್ಕೆ ಒಳಗೆ ಆಂಪೂ ಇರುವುದಿಲ್ಲ.

ವ್ಯಾಟ್ ಬಗ್ಗೆ ಒಂದೇ ಮಾತು. ಪೀಕ್ ವ್ಯಾಟ್ ಅಂತ ಬರೆದಿದ್ದರೆ ಮುಂದೆ ಓದಬೇಡಿ. ಸಿಇಎ-2010 ಅನ್ನುವ ಪರೀಕ್ಷೆಯ ಅಂಕಿ ಎಲ್ಲಾದರೂ ಸಿಕ್ಕಿದರೆ ಅದನ್ನು ನೋಡಿ. ಯಾವ ಹರ್ಟ್ಜ್‌ನಲ್ಲಿ ಎಷ್ಟು ಡೆಸಿಬೆಲ್‌ವರೆಗೆ ಕೆಡದೆ ನುಡಿಸುತ್ತದೆ ಅಂತ ಅದರಲ್ಲಿ ನೇರವಾಗಿ ಇರುತ್ತದೆ.

ಒಂದು ದೊಡ್ಡದಾ, ಎರಡು ಚಿಕ್ಕದಾ

ಇದಕ್ಕೆ ಉತ್ತರ ನಿಮ್ಮ ರೂಮಿನಲ್ಲಿದೆ. ರೂಮಿನ ಉದ್ದವನ್ನು ಅಡಿಯಲ್ಲಿ ಅಳೆಯಿರಿ, 563ನ್ನು ಅದರಿಂದ ಭಾಗಿಸಿ. ಹನ್ನೆರಡು ಅಡಿಗೆ 47 ಹರ್ಟ್ಜ್, ಹತ್ತು ಅಡಿಗೆ 56. ಎದುರುಬದುರು ಗೋಡೆಗಳ ನಡುವೆ ಆ ಸ್ವರ ನಿಂತುಬಿಡುತ್ತದೆ, ಗೋಡೆ ಹತ್ತಿರ ಕಿವಿ ಕಿತ್ತುಹೋಗುವಷ್ಟು, ರೂಮಿನ ಮಧ್ಯದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಅಗಲ ಹತ್ತು, ಎತ್ತರವೂ ಹತ್ತು ಇದ್ದರೆ ಒಂದೇ ಸ್ವರ ಎರಡು ಕಡೆಯಿಂದ ಉಬ್ಬುತ್ತದೆ. ನಮ್ಮ ರೂಮಿನ ಧುಂ ಧುಂ ಎಲ್ಲಿಂದ ಬರುತ್ತಿತ್ತು ಅಂತ ಈ ಲೆಕ್ಕ ಹಾಕಿದ ದಿನ ಗೊತ್ತಾಯಿತು. ಸಬ್ ನುಡಿಸುತ್ತಿದ್ದದ್ದು ಹಾಡನ್ನೇ, ರೂಮು ಮಾತ್ರ ತನಗೆ ಬೇಕಾದ ಸ್ವರವನ್ನು ಹಿಡಿದು ಅದನ್ನೇ ಹಾಡುತ್ತಿತ್ತು.

ಎರಡು ಸಬ್ ಇಟ್ಟರೆ ಒಂದು ಉಬ್ಬಿಸಿದ್ದನ್ನು ಇನ್ನೊಂದು ತಗ್ಗಿಸುವಂತೆ ಮಾಡಬಹುದು. ಹಾರ್ಮನ್ ಕಂಪನಿಯಲ್ಲಿದ್ದ ಫ್ಲಾಯ್ಡ್ ಟೂಲ್, ಟಾಡ್ ವೆಲ್ಟಿ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್ ಇಡುವುದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ವೆಲ್ಟಿ ತೋರಿಸಿದರು. ಲಾಭ ಜೋರಿನದ್ದಲ್ಲ, ಸಮತೋಲನದ್ದು. ಮೂರು ಜನ ಸೋಫಾದಲ್ಲಿ ಕೂತರೆ ಮೂವರಿಗೂ ಹೆಚ್ಚುಕಡಿಮೆ ಒಂದೇ ಬೇಸ್ ಕೇಳುತ್ತದೆ.

ಆದರೆ ನೀವೊಬ್ಬರೇ, ಒಂದೇ ಕುರ್ಚಿಯಲ್ಲಿ ಕೂತು ಕೇಳುವವರಾದರೆ ಮೊದಲು ಒಂದು ಒಳ್ಳೆಯ ಸಬ್ ತನ್ನಿ. ಆ ಒಂದು ಕುರ್ಚಿಗೆ ಸರಿಯಾದ ಜಾಗ ಹುಡುಕಿದರೆ ಸಾಕು. ಎರಡು ಅಗ್ಗದ ಸಬ್‌ಗಿಂತ ಒಂದು ಒಳ್ಳೆಯದು, ಆಮೇಲೆ ದುಡ್ಡು ಕೂಡಿದಾಗ ಅದರದ್ದೇ ಜೋಡಿ.

ಜಾಗ ಹುಡುಕುವುದು, ಹೊಂದಿಸುವುದು

ಸಬ್ಬನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಗಿಟಾರ್ ಮೆಟ್ಟಿಲು ಹತ್ತಿ ಇಳಿದಂತೆ ನಡೆಯುವ ಒಂದು ಹಾಡು ಹಾಕಿ. ನೀವು ನೆಲದ ಮೇಲೆ ಮಂಡಿಯೂರಿ, ಸಬ್ ಇಡಬಹುದಾದ ಕಡೆಗಳಲ್ಲೆಲ್ಲ ಕಿವಿ ತಗ್ಗಿಸಿ ಕೇಳುತ್ತ ಹೋಗಿ. ಎಲ್ಲಿ ಪ್ರತಿ ಸ್ವರವೂ ಒಂದೇ ಜೋರಿನಲ್ಲಿ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಮನೆಯವರು ವಿಚಿತ್ರವಾಗಿ ನೋಡಿದರೂ ಸರಿ, ಈ ಅರ್ಧ ಗಂಟೆಯ ಕೆಲಸಕ್ಕೆ ಸಮ ಬೇರೊಂದಿಲ್ಲ. ನಮ್ಮ ಮನೆಯಲ್ಲಿ ಆ ಜಾಗ ಸಿಕ್ಕಿದ್ದು ಪುಸ್ತಕದ ಕಪಾಟಿನ ಪಕ್ಕ, ಮೂಲೆಯಿಂದ ಮೂರಡಿ ಈಚೆಗೆ.

ಆಮೇಲೆ ಕ್ರಾಸ್‌ಓವರ್. ಆಂಪ್ ಸ್ಪೀಕರ್‌ನ ಬೇಸ್ ಕತ್ತರಿಸುತ್ತದೆ ಅಂದರೆ 80ರಿಂದ ಶುರು ಮಾಡಿ, ಸಿನಿಮಾ ಸದ್ದಿನ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್‌ನವರು ಇಟ್ಟ ಗೆರೆಯೂ ಅದೇ. ಕತ್ತರಿಸುವುದಿಲ್ಲ ಅಂದರೆ 50, 60ರಿಂದ ಶುರು ಮಾಡಿ. ಪರೀಕ್ಷೆಗೆ ಗಂಡು ದನಿಯ ವಾರ್ತೆಯೋ ಹರಿಕಥೆಯೋ ಹಾಕಿ. ದನಿಯ ಎದೆಭಾಗ ಸಬ್ ಇರುವ ಮೂಲೆಯಿಂದ ಬರುತ್ತಿದೆ ಅನ್ನಿಸಿದರೆ ಗೆರೆ ಮೇಲಿದೆ ಅಂತ ಅರ್ಥ, ಇಳಿಸಿ.

ಫೇಸ್ ಅಂತ ಬರೆದ ಸ್ವಿಚ್ಚನ್ನು ಎಷ್ಟೋ ಜನ ಮುಟ್ಟುವುದೇ ಇಲ್ಲ. ಸಬ್ ಮತ್ತು ಸ್ಪೀಕರ್ ಒಟ್ಟಿಗೆ ತಳ್ಳುತ್ತಿವೆಯಾ, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿದೆಯಾ ಅನ್ನುವುದು ಅದರಲ್ಲಿದೆ. ನೀವು ಕೂರುವ ಜಾಗದಲ್ಲಿ ಕೂತು, ಮನೆಯಲ್ಲಿ ಯಾರಿಗಾದರೂ ಸ್ವಿಚ್ 0ಯಿಂದ 180ಕ್ಕೆ, 180ರಿಂದ 0ಗೆ ಹಾಕಲು ಹೇಳಿ. ಯಾವ ಕಡೆ ಬೇಸ್ ತುಂಬಿ ಬರುತ್ತದೋ ಅದು ಸರಿ.

ಕೊನೆಗೆ ವಾಲ್ಯೂಮ್. ಸಾಕು ಅನ್ನಿಸುವವರೆಗೆ ಏರಿಸಿ, ಆಮೇಲೆ ಸ್ವಲ್ಪ ಇಳಿಸಿ, ಒಂದು ವಾರ ಮುಟ್ಟಬೇಡಿ. ಗುಮ್ಕಿ ಹಾಕಿ ಕೇಳಿ. ನಾದ ಕೆಳಗಿನಿಂದ ಮೇಲಕ್ಕೆ ಹರಿಯುವಾಗ ಎಲ್ಲೂ ತುಂಡಾಗದೆ, ಎಲ್ಲೂ ದಿಢೀರನೆ ಉಬ್ಬದೆ ಬರಬೇಕು. ಸಬ್‌ನಿಂದ ಸ್ಪೀಕರ್‌ಗೆ ಕೈ ಬದಲಾಗುವ ಜಾಗ ಅದರ ದಾರಿಯಲ್ಲೇ ಬರುವುದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಅಂಕಿಯಲ್ಲೇ ನೋಡಬೇಕು ಅನ್ನುವವರಿಗೆ ರೂಮಿನ ಸದ್ದು ಅಳೆಯುವ ಆರ್‌ಇಡಬ್ಲ್ಯು ಅನ್ನುವ ತಂತ್ರಾಂಶ ಉಚಿತ, ಜೊತೆಗೆ ಯುಮಿಕ್-1 ಥರದ ಒಂದು ಮೈಕ್ ಬೇಕು.

ಪಕ್ಕದ ಮನೆ, ಕರೆಂಟು, ಕರಾವಳಿ

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನೇರವಾಗಿ ಹೇಳುತ್ತೇನೆ, ಬೇಸ್ ಗೋಡೆ ದಾಟುತ್ತದೆ. ಸ್ವರ ತಗ್ಗಿದಷ್ಟೂ ಗೋಡೆ ತಡೆಯುವುದು ಕಮ್ಮಿ. ರಬ್ಬರ್ ಮ್ಯಾಟು, ಫೋಮಿನ ಮಣೆ ಹಾಕಿದರೆ ನೆಲಕ್ಕೆ ಇಳಿಯುವ ನಡುಕ ಕಮ್ಮಿಯಾಗುತ್ತದೆ, ಗಾಳಿಯಲ್ಲಿ ಹೋಗುವ ಸದ್ದು ಹೋಗಿಯೇ ಹೋಗುತ್ತದೆ. ಕಾನೂನಿನಲ್ಲಿ ಮನೆಗಳಿರುವ ಜಾಗಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಇದೆ. ಅದಕ್ಕಿಂತ ಮೊದಲು ಕೆಳಗಿನ ಮನೆಯವರನ್ನು ಒಮ್ಮೆ ಕರೆದು ಅವರ ಮನೆಯಲ್ಲಿ ಹೇಗೆ ಕೇಳುತ್ತದೆ ಅಂತ ಕೇಳಿಬಿಡಿ. ನಾನು ಕೇಳಿದೆ, ರಾತ್ರಿ ಒಂಬತ್ತರ ಮೇಲೆ ಸಬ್ ಆಫ್ ಅಂತ ಮಾತಾಯಿತು. ಆ್ಯಪ್ ಇರುವ ಸಬ್‌ಗಳಲ್ಲಿ ರಾತ್ರಿಗೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳಬಹುದು.

ಮೆಲ್ಲಗೆ ಕೇಳುವವರು ಇನ್ನೊಂದನ್ನು ನೋಡಿಕೊಳ್ಳಿ. ಆಟೋ ಆನ್ ಇರುವ ಕೆಲವು ಸಬ್‌ಗಳು ಸಿಗ್ನಲ್ ಸಣ್ಣದಿದ್ದರೆ ನಿದ್ದೆ ಹೋಗುತ್ತವೆ, ಆಲಾಪನೆ ಪೂರ್ತಿ ಮಲಗಿದ್ದು ಮೃದಂಗ ಶುರುವಾಗಿ ಎರಡು ಆವರ್ತನ ಆದ ಮೇಲೆ ಏಳುತ್ತವೆ. ಯಾವಾಗಲೂ ಆನ್ ಇಡುವ ಸ್ವಿಚ್ ಇದೆಯಾ ನೋಡಿ. ಸಿಕ್ಕಿಸಿದ ಕೂಡಲೇ ಗುಂಯ್ ಅಂತ ಸದ್ದು ಬಂದರೆ ಸಬ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆಂಪ್ ಮತ್ತು ಸಬ್ ಎರಡನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ ಕೊಟ್ಟು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಅರ್ತ್ ಪಿನ್ ಮಾತ್ರ ಕೀಳಬೇಡಿ.

ಅಮೆರಿಕದಲ್ಲಿರುವ ಮಗನೋ ತಂಗಿಯೋ ಬರುವಾಗ ಸಬ್ ತರಿಸುವ ಆಲೋಚನೆ ಇದ್ದರೆ ಹಿಂದಿನ ಪಟ್ಟಿಯ ಫೋಟೋ ಮೊದಲು ತರಿಸಿಕೊಳ್ಳಿ. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಗಳಿಗೆಯಲ್ಲೇ ಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಭಾರ, ಶಾಖ, ಗುಂಯ್ ಎಲ್ಲ ಜೊತೆಗೆ ಬರುತ್ತದೆ. ಎರಡೂ ವೋಲ್ಟೇಜ್ ಬರೆದಿದ್ದರೆ ಸರಿ, ಸ್ವಿಚ್ ಇದ್ದರೆ ಅದನ್ನು ತಿರುಗಿಸಿಯೇ ಪ್ಲಗ್ ಹಾಕಿ.

ಹಳೆಯದು ಕೊಳ್ಳುವುದು ತಪ್ಪೇನಲ್ಲ, ನನ್ನ ಈಗಿನದ್ದೂ ಹಾಗೇ ಬಂದದ್ದು. ಕೋನ್‌ನ ಸುತ್ತ ಇರುವ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಆದರೆ ಚಿಂತೆಯಿಲ್ಲ. ಫೋಮ್ ಆದರೆ ವರ್ಷ ಕಳೆದಂತೆ ಪುಡಿಯಾಗುತ್ತದೆ, ಮಂಗಳೂರು, ಕಾರವಾರದ ಸೆಕೆಗೆ ಇನ್ನೂ ಬೇಗ. ಎರಡೂ ಅಂಗೈಯಿಂದ ಕೋನನ್ನು ಸಮವಾಗಿ ಒಂದಿಷ್ಟು ಒಳಗೆ ಒತ್ತಿ ಬಿಡಿ, ಉಜ್ಜುವ ಸದ್ದು ಬಂದರೆ ಒಳಗಿನ ಕಾಯಿಲ್ ಕೆಟ್ಟಿದೆ. ಕೆಳಮುಖದ ಸಬ್ ಆದರೆ ಮಗುಚಿ ನೋಡಲು ಬಿಡುತ್ತಾರಾ ಕೇಳಿ. ಕೋನ್‌ಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಹಿಂದಿನ ಆಂಪ್ ಪ್ಲೇಟು, ಆ ಪೆಟ್ಟಿಗೆಯ ಶಾಖ, ನಡುಕ ಎಲ್ಲ ಅದಕ್ಕೇ ತಾನೆ. ಅದಕ್ಕೆ ಅರ್ಧ ಗಂಟೆಯಾದರೂ ಹಾಡು ಹಾಕಿಸಿ, ಆಮೇಲೆ ಪ್ಲೇಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.